‘ಚೆಕ್ ಮಾಡಿದೆ’ ಅನ್ನೋರಿಗೆ ‘ಚೆಕ್ಡ್’ ಕಷ್ಟ ಅಲ್ಲ: ಇಂಗ್ಲಿಷ್ ರೆಗ್ಯುಲರ್ ವರ್ಬ್‌ಗಳನ್ನ ಎಲ್ಲಾ ಟೆನ್ಸಲ್ಲೂ ಬಳಸೋ ಬಗೆ

"ಬೆಳಿಗ್ಗೆ ಟಿಕೆಟ್ ಬುಕ್ ಮಾಡ್ದೆ, ಆಮೇಲೆ ಕ್ಯಾನ್ಸಲ್ ಮಾಡ್ದೆ, ದುಡ್ಡು ವಾಪಸ್ ಬಂತಾ ಅಂತ ಚೆಕ್ ಮಾಡ್ತಾ ಇದ್ದೀನಿ, ಮೆಸೇಜ್ ಬಂದ್ರೆ ನಿಂಗೂ ಫಾರ್ವರ್ಡ್ ಮಾಡ್ತೀನಿ." ಇದನ್ನ ಒಂದೇ ಉಸಿರಲ್ಲಿ ಹೇಳ್ಬಿಟ್ಟು ಆಮೇಲೆ ನಂಗೆ ಇಂಗ್ಲಿಷ್ ಬರಲ್ಲ ಅನ್ನೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬುಕ್, ಕ್ಯಾನ್ಸಲ್, ಚೆಕ್, ಫಾರ್ವರ್ಡ್, ನಾಲ್ಕೂ ಇಂಗ್ಲಿಷ್ ವರ್ಬ್, ನಾಲ್ಕೂ ರೆಗ್ಯುಲರ್, ಅಂದ್ರೆ ಪಾಸ್ಟಿಗೆ ಇ-ಡಿ ಅಂಟಿಸಿದ್ರೆ ಸಾಕಾಗೋವು. ಅಂದ್ರೆ ಪದ ಗೊತ್ತಿದೆ, ಅರ್ಥ ಗೊತ್ತಿದೆ, ಎಲ್ಲಿ ಬಳಸ್ಬೇಕು ಅಂತಾನೂ ಗೊತ್ತಿದೆ. ಗೊತ್ತಿಲ್ದೇ ಇರೋದು ಒಂದೇ, ‘ಮಾಡು’ ಹೊತ್ಕೊಂಡಿರೋ ಬಾಲನ ಕಿತ್ತು ಇಂಗ್ಲಿಷ್ ಪದಕ್ಕೆ ಹೇಗೆ ಅಂಟಿಸೋದು ಅನ್ನೋದು.

ನಮ್ಮಕ್ಕನ ಮಗಳು ಎಸ್ಸೆಸ್ಸೆಲ್ಸಿ ಓದ್ತಿದ್ದಾಗ ಹನ್ನೆರಡು ಟೆನ್ಸಿನ ಚಾರ್ಟ್ ಗೋಡೆಗೆ ಅಂಟಿಸಿ ದಿನಾ ಬಾಯಿಪಾಠ ಮಾಡಿಸ್ತಿದ್ದೆ, ಅವಳು ಚಾರ್ಟ್ ಪೂರ್ತಿ ಒಪ್ಪಿಸೋಳು, ಆದ್ರೆ ನಿನ್ನೆ ಏನ್ ಮಾಡ್ದೆ ಅಂತ ಇಂಗ್ಲಿಷಲ್ಲಿ ಕೇಳಿದ್ರೆ ಸುಮ್ನೆ ನನ್ನ ಮುಖ ನೋಡೋಳು. ಚಾರ್ಟ್ ಪಕ್ಕಕ್ಕಿಟ್ಟು ‘ಮಾಡು’ ಕಡೆಯಿಂದ ಶುರು ಮಾಡಿದ್ಮೇಲೆ ಹದಿನೈದು ದಿನದಲ್ಲಿ ವಾಕ್ಯ ತಾನಾಗೇ ಬರೋಕೆ ಶುರುವಾಯ್ತು. ಆ ದಾರೀನೇ ಇಲ್ಲಿ ಬರೀತಾ ಇದ್ದೀನಿ.

ಹೆಜ್ಜೆ 1: ನಾಲ್ಕೇ ರೂಪ, ಮೊದ್ಲು ಅದನ್ನ ನಂಬಿ

ಒಂದು ರೆಗ್ಯುಲರ್ ವರ್ಬಿಗೆ ಇರೋದು ನಾಲ್ಕೇ ರೂಪ. ಚೆಕ್, ಚೆಕ್ಸ್, ಚೆಕ್ಡ್, ಚೆಕಿಂಗ್. ಅಷ್ಟೇ. ಹನ್ನೆರಡು ಟೆನ್ಸೂ ಈ ನಾಲ್ಕರಲ್ಲೇ ಮುಗಿಯುತ್ತೆ, ಮಿಕ್ಕಿದ್ದೆಲ್ಲ ಮುಂದೆ ಬರೋ ಆಮ್, ಈಸ್, ಹ್ಯಾವ್, ವಿಲ್ ಥರದ ಸಹಾಯಕ ಪದಗಳ ಕೆಲಸ. ಸ್ಕೂಲಲ್ಲಿ ವಿ-1, ವಿ-2, ವಿ-3 ಅಂತ ಕಾಲಂ ಹಾಕಿ ಬರೆಸ್ತಾರಲ್ಲ, ರೆಗ್ಯುಲರ್ ವರ್ಬಲ್ಲಿ ವಿ-2 ವಿ-3 ಎರಡೂ ಒಂದೇ, ಎರಡಕ್ಕೂ ಇ-ಡಿ.

ಕನ್ನಡದ ಜೊತೆ ಹೋಲಿಸಿದ್ರೆ ಇದು ಎಷ್ಟು ಸುಲಭ ಅಂತ ಗೊತ್ತಾಗುತ್ತೆ. ನಾನು ಮಾಡಿದೆ, ನಾವು ಮಾಡಿದ್ವಿ, ನೀನು ಮಾಡಿದೆ, ನೀವು ಮಾಡಿದ್ರಿ, ಅವನು ಮಾಡಿದ, ಅವಳು ಮಾಡಿದ್ಲು, ಅವರು ಮಾಡಿದ್ರು, ಅದು ಮಾಡ್ತು. ಯಾರು ಅನ್ನೋದ್ರ ಮೇಲೆ ಬಾಲ ಬದಲಾಗ್ತಾನೇ ಇರುತ್ತೆ, ನಾವು ಇದನ್ನ ಯೋಚನೆ ಮಾಡ್ದೇನೇ ಹೇಳ್ತೀವಿ. ಇಂಗ್ಲಿಷಲ್ಲಿ ಇಷ್ಟು ಜನಕ್ಕೂ ಸೇರಿ ‘ಚೆಕ್ಡ್’ ಒಂದೇ. ಐ ಚೆಕ್ಡ್, ಯೂ ಚೆಕ್ಡ್, ಶಿ ಚೆಕ್ಡ್, ದೇ ಚೆಕ್ಡ್.

ಹೆಜ್ಜೆ 2: ನಿಮ್ಮ ಬಾಯಲ್ಲಿರೋ ಪದಗಳನ್ನ ಸೋಸಿ

ಒಂದು ನೋಟ್‌ಬುಕ್ ತಗೊಂಡು ಎರಡು ದಿನ ನೀವು ‘ಮಾಡು’ ಸೇರಿಸಿ ಹೇಳೋ ಇಂಗ್ಲಿಷ್ ಪದಗಳನ್ನೆಲ್ಲ ಬರೀರಿ. ಕಾಲ್, ಪಾರ್ಕ್, ಆರ್ಡರ್, ಡಿಲೀಟ್, ಡೌನ್‌ಲೋಡ್, ಶೇರ್, ಟೈಪ್, ಸ್ಕ್ಯಾನ್, ಕಾಪಿ, ಟ್ರೈ, ಫಿಕ್ಸ್, ಅಪ್‌ಡೇಟ್, ಸಬ್ಮಿಟ್, ಎಡಿಟ್, ಅಡ್ಜಸ್ಟ್, ರಿಪೇರಿ... ರಿಪೇರಿ ಅಂತ ನಾವು ಅಂದ್ರೂ ಇಂಗ್ಲಿಷಲ್ಲಿ ಅದು ರಿಪೇರ್. ಆರಾಮಾಗಿ ಐವತ್ತು ದಾಟುತ್ತೆ.

ಇದ್ರಲ್ಲಿ ಎರಡು ಥರದ ಪದಗಳನ್ನ ಪಕ್ಕಕ್ಕಿಡ್ಬೇಕು. ಮೊದಲ್ನೇದು ‘ಷನ್’ ಅಂತ ಮುಗಿಯೋ ಬಹಳಷ್ಟು ಪದಗಳು. ಆಪರೇಷನ್ ಮಾಡಿದ್ರು, ಡಿಸ್ಕಷನ್ ಮಾಡಿದ್ವಿ, ರಿಜಿಸ್ಟ್ರೇಷನ್ ಮಾಡಿಸ್ದೆ ಅಂತೀವಲ್ಲ, ಇವು ವರ್ಬ್ ಅಲ್ಲ, ನಾಮಪದ, ಇವಕ್ಕೆ ಇ-ಡಿ ಅಂಟಲ್ಲ. ಇವುಗಳ ಮೂಲ ವರ್ಬ್ ಹುಡುಕ್ಕೊಳ್ಳಿ: ಆಪರೇಟ್, ಡಿಸ್ಕಸ್, ರಿಜಿಸ್ಟರ್. ಆವಾಗ ‘ವಿ ಡಿಸ್ಕಸ್ಡ್’ ಅಂತ ಸಲೀಸಾಗಿ ಬರುತ್ತೆ. ಅಂದಹಾಗೆ ಡಿಸ್ಕಸ್ಡ್ ಆದ್ಮೇಲೆ ‘ಅಬೌಟ್’ ಬೇಡ, ‘ವಿ ಡಿಸ್ಕಸ್ಡ್ ದ ಪ್ರಾಬ್ಲಂ’ ಸಾಕು.

ಎರಡನೇದು ಇರೆಗ್ಯುಲರ್ ವರ್ಬ್‌ಗಳು. ಕಟ್, ಸೆಂಡ್, ಸೆಟ್, ಡ್ರೈವ್, ರೀಡ್, ಸೆಲ್ ಇವೆಲ್ಲ ಇ-ಡಿ ತಗೊಳ್ಳಲ್ಲ, ಡಿಕ್ಷನರಿಲಿ ನೋಡಿ ಕಲೀಲೇಬೇಕು. ಇಂಗ್ಲಿಷಲ್ಲಿ ಅತಿ ಹೆಚ್ಚು ಬಳಸೋ ವರ್ಬ್‌ಗಳೇ ಇರೆಗ್ಯುಲರ್: ಬಿ, ಹ್ಯಾವ್, ಡು, ಸೇ, ಗೋ, ಕಮ್, ಸೀ, ಗೆಟ್. ಇದು ಇಂಗ್ಲಿಷಿಗೆ ಮಾತ್ರ ಬಂದಿರೋ ಕಾಯಿಲೆ ಅಲ್ಲ, ನಮ್ಮಲ್ಲೂ ಬಾ-ಬಂದ, ತಿನ್ನು-ತಿಂದ, ಕೊಡು-ಕೊಟ್ಟ, ಸಾಯು-ಸತ್ತ ಅಂತ ದಿನಾ ಬಳಸೋ ಪದಗಳೇ ದಾರಿ ತಪ್ಪಿರೋದು, ಬಾಯಲ್ಲಿ ಜಾಸ್ತಿ ಓಡಾಡೋ ಪದಗಳ ಹಳೇ ರೂಪ ಹಾಗೇ ಉಳ್ಕೊಂಡುಬಿಡುತ್ತೆ. ಕಮ್ಮಿ ಬಳಸೋವು ಕಾಲ ಕಳೆದಂಗೆ ರೆಗ್ಯುಲರ್ ಆಗ್ತವೆ. ‘ಹೆಲ್ಪ್’ ಹಳೇ ಇಂಗ್ಲಿಷಲ್ಲಿ ಇರೆಗ್ಯುಲರ್ ಆಗಿತ್ತು, ಶೇಕ್ಸ್‌ಪಿಯರ್ ಕಾಲದಲ್ಲೂ ‘ಹೋಲ್ಪ್’ ಅನ್ನೋ ರೂಪ ಇತ್ತು, ಈಗ ಹೆಲ್ಪ್ಡ್ ಒಂದೇ. ಹೊಸದಾಗಿ ಹುಟ್ಟೋ ವರ್ಬ್‌ಗಳಂತೂ ಸಾಮಾನ್ಯವಾಗಿ ರೆಗ್ಯುಲರ್ರೇ. ಗೂಗಲ್ ಅನ್ನೋ ಕಂಪನಿ ಹೆಸರು ವರ್ಬ್ ಆಗಿ 2006ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಸೇರ್ತು, ಅದರ ಪಾಸ್ಟ್ ಟೆನ್ಸ್ ಏನು ಅಂತ ಯಾರೂ ಕೇಳ್ಬೇಕಾಗ್ಲಿಲ್ಲ, ಗೂಗಲ್ಡ್.

ಹೆಜ್ಜೆ 3: ಸ್ಪೆಲ್ಲಿಂಗ್

ಹೆಚ್ಚಿನ ಪದಗಳಿಗೆ ಸುಮ್ನೆ ಎಸ್, ಇ-ಡಿ, ಐ-ಎನ್-ಜಿ ಅಂಟಿಸಿದ್ರೆ ಮುಗೀತು. ಬದಲಾವಣೆ ಬೇಕಾಗೋದು ಪದದ ಕೊನೇ ಅಕ್ಷರ ನೋಡ್ಕೊಂಡು.

ಕೊನೇಲಿ ಇ ಇದ್ರೆ (ಡಿಲೀಟ್, ಶೇರ್, ಟೈಪ್, ಅಪ್‌ಡೇಟ್ ಎಲ್ಲದರ ಸ್ಪೆಲ್ಲಿಂಗ್ ಇ ಇಂದ ಮುಗಿಯುತ್ತೆ) ಪಾಸ್ಟಿಗೆ ಬರೀ ಡಿ ಸಾಕು, ಇಂಗ್ ಹಾಕುವಾಗ ಆ ಇ ಬಿದ್ದೋಗುತ್ತೆ. ಆದ್ರೆ ಅಗ್ರೀ ಥರ ಎರಡು ಇ ಇದ್ರೆ ಇಂಗ್ ಮುಂದೆ ಎರಡೂ ಉಳಿಯುತ್ತೆ. ಟೈ, ಲೈ, ಡೈ ಥರ ಐ-ಇ ಅಂತ ಮುಗಿದ್ರೆ ಇಂಗ್ ಹಾಕುವಾಗ ಐ-ಇ ಹೋಗಿ ಆ ಜಾಗಕ್ಕೆ ವೈ ಬರುತ್ತೆ.

ಕೊನೇಲಿ ವೈ ಇದ್ರೆ ಅದರ ಹಿಂದಿನ ಅಕ್ಷರ ನೋಡಿ. ಕಾಪಿ, ಟ್ರೈ, ಸ್ಟಡಿ ಇವುಗಳಲ್ಲಿ ವೈ ಹಿಂದೆ ವ್ಯಂಜನ ಇದೆ, ಹಂಗಾಗಿ ವೈ ತೆಗೆದು ಐ-ಇ-ಎಸ್ ಅಥ್ವಾ ಐ-ಇ-ಡಿ. ಪ್ಲೇ, ಎಂಜಾಯ್‌ಗಳಲ್ಲಿ ವೈ ಹಿಂದೆ ಸ್ವರ ಇದೆ, ಅಲ್ಲಿ ವೈ ಅಲ್ಲಾಡಲ್ಲ. ಇಂಗ್ ಹಾಕುವಾಗ ಮಾತ್ರ ಎರಡು ಕಡೆನೂ ವೈ ಹಾಗೇ ಇರುತ್ತೆ.

ಎಸ್, ಎಸ್-ಹೆಚ್, ಸಿ-ಹೆಚ್, ಎಕ್ಸ್, ಜ಼ೆಡ್ ಇಂದ ಮುಗಿದ್ರೆ ಎಸ್ ಬದ್ಲು ಇ-ಎಸ್: ಫಿಕ್ಸಸ್, ವಾಚಸ್, ಫಿನಿಷಸ್.

ಇನ್ನು ಇ-ಡಿ, ಇಂಗ್ ಹಾಕುವಾಗ ಕೊನೇ ಅಕ್ಷರ ಡಬಲ್ ಮಾಡೋದು, ಇದ್ರಲ್ಲಿ ಡಿಗ್ರಿ ಮುಗ್ಸಿದೋರೂ ತಪ್ಪು ಮಾಡ್ತಾರೆ. ಒಂದೇ ಸಿಲಬಲ್‌ನ (ಬಾಯಲ್ಲಿ ಒಂದೇ ಸ್ವರದ ಶಬ್ದ ಬರೋ) ಪದ, ಕೊನೇಲಿ ಒಂದು ಸ್ವರ, ಅದಾದ್ಮೇಲೆ ಒಂದೇ ವ್ಯಂಜನ ಇದ್ರೆ ಆ ವ್ಯಂಜನ ಡಬಲ್. ಸ್ಟಾಪ್, ಡ್ರಾಪ್, ಪ್ಲಾನ್, ಸ್ಕ್ಯಾನ್, ಚಾಟ್, ಎಲ್ಲದಕ್ಕೂ. ಸ್ವರ ಎರಡಿದ್ರೆ ಡಬಲ್ ಇಲ್ಲ, ‘ವೇಟ್’ ನೋಡಿ. ಡಬ್ಲ್ಯೂ, ಎಕ್ಸ್, ವೈ ಯಾವತ್ತೂ ಡಬಲ್ ಆಗಲ್ಲ. ಎರಡು ಸಿಲಬಲ್ ಇದ್ರೆ ಯಾವುದನ್ನ ಒತ್ತಿ ಹೇಳ್ತಾರೆ ಅನ್ನೋದು ಮುಖ್ಯ. ಎಡಿಟ್ ಅನ್ನುವಾಗ ಒತ್ತು ‘ಎ’ ಮೇಲೆ, ಹಂಗಾಗಿ ಟಿ ಒಂದೇ. ಸಬ್ಮಿಟ್ ಅನ್ನುವಾಗ ಒತ್ತು ‘ಮಿಟ್’ ಮೇಲೆ, ಹಂಗಾಗಿ ಟಿ ಎರಡು. ಆರ್ಡರ್, ಆಫರ್, ಎಂಟರ್ ಇವಕ್ಕೆ ಆರ್ ಒಂದು. ರೆಫರ್, ಪ್ರಿಫರ್, ಟ್ರಾನ್ಸ್‌ಫರ್ ಇವಕ್ಕೆ ಆರ್ ಎರಡು. ಕನ್ನಡದಲ್ಲಿ ಒತ್ತು ಬದಲಾದ್ರೆ ಅರ್ಥ ಬದಲಾಗಲ್ಲ, ಅದಕ್ಕೆ ನಮ್ಮ ಕಿವಿಗೆ ಇದು ಬೇಗ ಸಿಗಲ್ಲ, ಫೋನಲ್ಲಿರೋ ಡಿಕ್ಷನರಿಲಿ ಸ್ಪೀಕರ್ ಗುರುತು ಒತ್ತಿ ನಾಲ್ಕು ಸಲ ಕೇಳ್ಬೇಕು. ಕ್ಯಾನ್ಸಲ್, ಟ್ರಾವೆಲ್ ಎರಡಕ್ಕೆ ಬ್ರಿಟಿಷ್ ಇಂಗ್ಲಿಷಲ್ಲಿ ಎಲ್ ಎರಡು, ಅಮೆರಿಕನ್ ಇಂಗ್ಲಿಷಲ್ಲಿ ಒಂದು. ನಮ್ಮ ಸ್ಕೂಲ್‌ಗಳಲ್ಲಿ ನಡೆಯೋದು ಬ್ರಿಟಿಷ್, ಹಂಗಾಗಿ ಪರೀಕ್ಷೇಲಿ ಎರಡು ಎಲ್ ಬರೀರಿ.

ಹೆಜ್ಜೆ 4: ಇ-ಡಿ ಬಾಯಲ್ಲಿ ಮೂರು ಥರ

ಬರೆಯೋದು ಇ-ಡಿ ಅಂತ ಒಂದೇ ಆದ್ರೂ ಹೇಳೋದು ಮೂರು ಥರ. ನಾವು ಓದಿದ ಕಡೆ ಇದನ್ನ ಯಾರೂ ಹೇಳಿಕೊಡ್ಲಿಲ್ಲ, ವಾಚೆಡ್, ಹೆಲ್ಪೆಡ್, ಪಾರ್ಕೆಡ್ ಅಂತಾನೇ ಓದಿಸಿದ್ರು, ಎಷ್ಟೋ ವರ್ಷ ಆದ್ಮೇಲೆ ಅದು ತಪ್ಪು ಅಂತ ಗೊತ್ತಾದಾಗ ನಿಜವಾಗ್ಲೂ ಬೇಜಾರಾಯ್ತು, ಐದು ನಿಮಿಷದಲ್ಲಿ ಹೇಳಬಹುದಾದ ವಿಷಯ ಇದು.

ಪದದ ಕೊನೇ ಶಬ್ದ ಕ್, ಪ್, ಚ್, ಶ್, ಸ್, ಫ್ ಆಗಿದ್ರೆ ಇ-ಡಿ ಅನ್ನೋದು ‘ಟ್’ ಆಗುತ್ತೆ. ಚೆಕ್ಟ್, ಪಾರ್ಕ್ಟ್, ಹೆಲ್ಪ್ಟ್, ವಾಚ್ಟ್, ಫಿನಿಷ್ಟ್, ಫಿಕ್ಸ್ಟ್. (ಕನ್ನಡದಲ್ಲಿ ಬರೆಯುವಾಗ ಚೆಕ್ಡ್ ಅಂತ ಬರೀತೀವಿ, ನಾನೂ ಇಲ್ಲಿ ಹಾಗೇ ಬರ್ದಿದ್ದೀನಿ, ಬಾಯಲ್ಲಿ ಮಾತ್ರ ಟ್.) ಕೊನೇ ಶಬ್ದ ಟ್ ಅಥ್ವಾ ಡ್ ಆಗಿದ್ರೆ ಮಾತ್ರ ಒಂದು ಸಿಲಬಲ್ ಜಾಸ್ತಿ ಆಗಿ ‘ಇಡ್’ ಬರುತ್ತೆ: ಡಿಲೀಟಿಡ್, ಪೋಸ್ಟಿಡ್, ಡೌನ್‌ಲೋಡಿಡ್. ಮಿಕ್ಕ ಎಲ್ಲಾ ಕಡೆ ಬರೀ ‘ಡ್’: ಕಾಲ್ಡ್, ಪ್ಲಾನ್ಡ್, ಶೇರ್ಡ್, ಟ್ರೈಡ್. ಗಂಟಲ ಮೇಲೆ ಬೆರಳಿಟ್ಟು ಪದದ ಕೊನೇ ಶಬ್ದ ಹೇಳಿ ನೋಡಿ, ನಡುಕ ಇಲ್ಲ ಅಂದ್ರೆ ಟ್, ಇದ್ರೆ ಡ್.

ಕನ್ನಡದಲ್ಲೂ ಪಾಸ್ಟಿಗೆ ಕೆಲವಕ್ಕೆ ದ, ಕೆಲವಕ್ಕೆ ತ ಬರುತ್ತಲ್ವಾ. ಕರೆದ, ಬರೆದ, ನಡೆದ, ಆದ್ರೆ ಕಲಿತ, ಮರೆತ, ಬೆರೆತ. ಕರೆ ಮತ್ತೆ ಮರೆ ಎರಡೂ ಒಂದೇ ಥರ ಕೇಳಿಸುತ್ತೆ, ಆದ್ರೂ ಕರೆದ, ಮರೆತ. ಹೊರಗಿಂದ ಬಂದು ಕನ್ನಡ ಕಲಿಯೋರು ಇದನ್ನ ಒಂದೊಂದಾಗಿ ನೆನಪಿಟ್ಕೋಬೇಕು. ಇಂಗ್ಲಿಷಲ್ಲಿ ಆ ಕಷ್ಟ ಇಲ್ಲ, ಶಬ್ದವೇ ತೀರ್ಮಾನ ಮಾಡುತ್ತೆ.

1958ರಲ್ಲಿ ಜೀನ್ ಬರ್ಕೋ ಅನ್ನೋ ಅಮೆರಿಕದ ಭಾಷಾ ಸಂಶೋಧಕಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಚಿತ್ರ ತೋರಿಸಿ ಇಲ್ಲದೇ ಇರೋ ಪದಗಳನ್ನ ಹೇಳಿ ಪರೀಕ್ಷೆ ಮಾಡಿದ್ರು. ಈ ಮನುಷ್ಯನಿಗೆ ‘ರಿಕ್’ ಮಾಡೋಕೆ ಬರುತ್ತೆ, ನಿನ್ನೆನೂ ಅದನ್ನೇ ಮಾಡಿದ, ನಿನ್ನೆ ಅವನು ಏನು ಮಾಡಿದ ಅಂತ. ಹುಟ್ಟಿದಾಗಿಂದ ಕೇಳೇ ಇಲ್ಲದ ಪದಕ್ಕೂ ಮಕ್ಕಳು ರಿಕ್ಟ್ ಅಂತ ಸರಿಯಾಗಿ ಹೇಳಿದ್ರು. ಎಡವಿದ್ದು ‘ಮಾಟ್’, ‘ಬಾಡ್’ ಥರ ಟ್, ಡ್ ಇಂದ ಮುಗಿಯೋ ಪದಗಳಲ್ಲಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ‘ಇಡ್’ ಕೊನೇಗೆ ಬರೋದು, ನಮಗೆ ನೋಡಿದ್ರೆ ಅದೊಂದೇ ಬರುತ್ತೆ, ಉಳಿದ ಎರಡು ಬರಲ್ಲ.

ಹೆಜ್ಜೆ 5: ಬಾಲಕ್ಕೆ ಬಾಲ

‘ಮಾಡು’ವಿನ ಬಾಲ ನೋಡಿ, ಅದಕ್ಕೆ ಸರಿಹೊಂದೋ ಇಂಗ್ಲಿಷ್ ರೂಪ ಹಾಕಿ. ಇದ್ರಲ್ಲಿ ನಾಲ್ಕು ಕಡೆ ಕನ್ನಡ ನಮ್ಮನ್ನ ತಪ್ಪು ದಾರಿಗೆ ಎಳೆಯುತ್ತೆ, ಆ ನಾಲ್ಕನ್ನ ನಿಧಾನಕ್ಕೆ ನೋಡೋಣ.

ಮಾಡ್ತೀನಿ. ಮಾತಾಡೋ ಕನ್ನಡದಲ್ಲಿ ಇದು ದಿನಾ ಮಾಡೋದಕ್ಕೂ ಆಗುತ್ತೆ, ನಾಳೆ ಮಾಡೋದಕ್ಕೂ ಆಗುತ್ತೆ. ಇಂಗ್ಲಿಷಲ್ಲಿ ಇವೆರಡೂ ಬೇರೆ. ‘ದಿನಾ ಚೆಕ್ ಮಾಡ್ತೀನಿ’ ಅಂದ್ರೆ ‘ಐ ಚೆಕ್ ಎವ್ರಿ ಡೇ’. ‘ನಾಳೆ ಚೆಕ್ ಮಾಡ್ತೀನಿ’ ಅಂದ್ರೆ ‘ಐ ವಿಲ್ ಚೆಕ್ ಟುಮಾರೋ’. ದಿನಾ ಮಾಡೋದ್ರಲ್ಲಿ ಹಿ, ಶಿ, ಇಟ್ ಬಂದ್ರೆ ಎಸ್ ಹಾಕೋದು ಎಲ್ರಿಗೂ ಗೊತ್ತು, ಆದ್ರೂ ‘ಮೈ ಫಾದರ್ ವರ್ಕ್ ಇನ್ ಬ್ಯಾಂಕ್’ ಅಂತ ಯಾಕೆ ಬರುತ್ತೆ? ನಾವು ಅಪ್ಪನಿಗೆ ‘ಕೆಲಸ ಮಾಡ್ತಾರೆ’ ಅಂತ ಮರ್ಯಾದೆ ಕೊಟ್ಟು ಬಹುವಚನ ಹಾಕ್ತೀವಿ, ತಲೇಲಿ ಅಪ್ಪ ‘ದೇ’ ಆಗಿಬಿಟ್ಟಿರ್ತಾರೆ, ಅದಕ್ಕೇ ಎಸ್ ಬಿದ್ದೋಗುತ್ತೆ ಅಂತ ನನಗನ್ಸುತ್ತೆ. ಇಂಗ್ಲಿಷಲ್ಲಿ ಮರ್ಯಾದೆ ವರ್ಬಲ್ಲಿ ಇರಲ್ಲ. ಅಪ್ಪ, ಮೇಷ್ಟ್ರು, ಅಜ್ಜಿ, ಪ್ರಧಾನಿ ಯಾರೇ ಆಗ್ಲಿ ಒಬ್ರೇ ಇದ್ರೆ ಎಸ್: ‘ಮೈ ಫಾದರ್ ವರ್ಕ್ಸ್ ಇನ್ ಅ ಬ್ಯಾಂಕ್’.

ಮಾಡ್ತಾ ಇದ್ದೀನಿ. ಉತ್ತರ ಕರ್ನಾಟಕದ ಕಡೆಯೋರು ಮಾಡಾಕತ್ತೀನಿ ಅನ್ನೋದೂ ಇದೇ. ಈಗ ನಡೀತಾ ಇದ್ರೆ ‘ಐ ಆಮ್ ಚೆಕಿಂಗ್’. ಆದ್ರೆ ವಾಕ್ಯದಲ್ಲಿ ‘ಇಂದ’ ಬಂದ ತಕ್ಷಣ ಇಂಗ್ಲಿಷ್ ಬೇರೆ ಕಡೆ ತಿರುಗುತ್ತೆ: ‘ಬೆಳಿಗ್ಗೆಯಿಂದ ಚೆಕ್ ಮಾಡ್ತಾ ಇದ್ದೀನಿ’ ಅಂದ್ರೆ ‘ಐ ಹ್ಯಾವ್ ಬಿನ್ ಚೆಕಿಂಗ್ ಸಿನ್ಸ್ ಮಾರ್ನಿಂಗ್’. ಅದಕ್ಕೆ ‘ಐ ಆಮ್ ಚೆಕಿಂಗ್ ಫ್ರಮ್ ಮಾರ್ನಿಂಗ್’ ಸರಿಯಲ್ಲ. ಇನ್ನೊಂದು ವಿಷಯ, ‘ಎರಡು ಗಂಟೆಯಿಂದ ಕಾಯ್ತಾ ಇದ್ದೀನಿ’ ಅನ್ನೋದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇದೆ, ಇಂಗ್ಲಿಷಲ್ಲಿ ಎರಡು ವಾಕ್ಯ ಇದೆ. ಗಡಿಯಾರದಲ್ಲಿ ಎರಡು ಹೊಡೆದಾಗಿಂದ ಅಂದ್ರೆ ‘ಸಿನ್ಸ್ ಟೂ ಓ ಕ್ಲಾಕ್’, ಎರಡು ತಾಸು ಆಯ್ತು ಅಂದ್ರೆ ‘ಫಾರ್ ಟೂ ಅವರ್ಸ್’. ಶುರುವಾದ ಹೊತ್ತಿಗೆ ಸಿನ್ಸ್, ಕಳೆದ ಅವಧಿಗೆ ಫಾರ್.

ಮಾಡಿದೆ, ಮಾಡಿದ್ದೀನಿ, ಮಾಡಿದ್ದೆ. ಈ ಮೂರೂ ಕನ್ನಡದಲ್ಲಿ ಇದೆ ಅನ್ನೋದೇ ದೊಡ್ಡ ಪುಣ್ಯ. ಮಾಡಿದೆ ಅಂದ್ರೆ ‘ಚೆಕ್ಡ್’, ಮಾಡಿದ್ದೀನಿ ಅಂದ್ರೆ ‘ಹ್ಯಾವ್ ಚೆಕ್ಡ್’, ಮಾಡಿದ್ದೆ ಅಂದ್ರೆ ‘ಹ್ಯಾಡ್ ಚೆಕ್ಡ್’. ಪ್ರೆಸೆಂಟ್ ಪರ್ಫೆಕ್ಟ್, ಪಾಸ್ಟ್ ಪರ್ಫೆಕ್ಟ್ ಅಂತ ಹೆಸರು ಕೇಳಿ ಹೆದ್ರೋದು ಬೇಡ, ದಿನಾ ಬಳಸ್ತಾನೇ ಇದ್ದೀವಿ. ಆದ್ರೆ ಎರಡು ಕಡೆ ಲೆಕ್ಕ ತಪ್ಪುತ್ತೆ. ‘ನಿನ್ನೆನೇ ಚೆಕ್ ಮಾಡಿದ್ದೀನಿ’ ಕನ್ನಡದಲ್ಲಿ ಸರಿ, ಇಂಗ್ಲಿಷಲ್ಲಿ ಮಾತ್ರ ನಿನ್ನೆ, ಕಳೆದ ವಾರ, 2019ರಲ್ಲಿ ಅಂತ ಮುಗಿದುಹೋದ ಹೊತ್ತು ಹೇಳಿದ್ರೆ ‘ಹ್ಯಾವ್’ ನಿಲ್ಲಲ್ಲ, ‘ಐ ಚೆಕ್ಡ್ ಯೆಸ್ಟರ್ಡೇ’ ಅಂತಾನೇ ಹೇಳ್ಬೇಕು. ಹೊತ್ತು ಹೇಳದೆ ಕೆಲಸ ಆಗಿದೆ ಅನ್ನೋದಷ್ಟೇ ಮುಖ್ಯ ಆದ್ರೆ ‘ಐ ಹ್ಯಾವ್ ಚೆಕ್ಡ್’.

ಎರಡನೇದು ‘ಹ್ಯಾಡ್’. ‘ಕಳೆದ ವಾರ ಹಂಪಿಗೆ ಹೋಗಿದ್ದೆ, ವಿರೂಪಾಕ್ಷ ದೇವಸ್ಥಾನ ವಿಸಿಟ್ ಮಾಡಿದ್ದೆ’ ಅಂತ ನಾವು ಹೇಳ್ತೀವಿ, ಹೋಗಿ ವಾಪಸ್ ಬಂದಿದ್ದೀನಿ ಅನ್ನೋ ಭಾವ ಅದ್ರಲ್ಲಿದೆ. ಅದನ್ನೇ ‘ಐ ಹ್ಯಾಡ್ ವಿಸಿಟೆಡ್’ ಅಂತ ಬರೆದ್ರೆ ಇಂಗ್ಲಿಷ್ ಓದೋನು ಮುಂದೇನಾಯ್ತು ಅಂತ ಕಾಯ್ತಾ ಇರ್ತಾನೆ. ಹ್ಯಾಡ್ ಬರೋದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸೋಕೆ: ‘ಐ ಹ್ಯಾಡ್ ಬುಕ್ಡ್ ದ ಟಿಕೆಟ್ ಬಿಫೋರ್ ದ ಬಸ್ ಅರೈವ್ಡ್’. ಬರೀ ಹಂಪಿ ಟೂರ್ ಆದ್ರೆ ‘ಐ ವಿಸಿಟೆಡ್ ಹಂಪಿ ಲಾಸ್ಟ್ ವೀಕ್’ ಸಾಕು. ಆಫೀಸ್ ಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ನೋಡೋ ತಪ್ಪು ಇದೇ.

ಮಾಡ್ತಾ ಇದ್ದೆ. ನಿನ್ನೆ ನೀನು ಫೋನ್ ಮಾಡಿದಾಗ ಚೆಕ್ ಮಾಡ್ತಾ ಇದ್ದೆ ಅಂದ್ರೆ ‘ಐ ವಾಸ್ ಚೆಕಿಂಗ್’. ಚಿಕ್ಕವರಿದ್ದಾಗ ಕೆರೆ ಹತ್ರ ಆಡ್ತಿದ್ವಿ ಅಂದ್ರೆ ‘ವಿ ವರ್ ಪ್ಲೇಯಿಂಗ್’ ಅಲ್ಲ, ಅದು ರೂಢಿ, ‘ವಿ ಯೂಸ್ಡ್ ಟು ಪ್ಲೇ’.

ಉಳಿದಿದ್ದು ಬೇಗ ಮುಗಿಯುತ್ತೆ. ಮಾಡ್ತಾ ಇರ್ತೀನಿ ಅಂದ್ರೆ ‘ವಿಲ್ ಬಿ ಚೆಕಿಂಗ್’. ಮಾಡಿರ್ತೀನಿ ಅಂದ್ರೆ ‘ವಿಲ್ ಹ್ಯಾವ್ ಚೆಕ್ಡ್’. ‘ಹ್ಯಾಡ್ ಬಿನ್ ಚೆಕಿಂಗ್’ ಅನ್ನೋದು ಹಿಂದಿನ ಕಾಲದ ‘ಇಂದ’ಕ್ಕೆ: ನೀನು ಬಂದಾಗ ಒಂದು ತಾಸಿಂದ ಚೆಕ್ ಮಾಡ್ತಾ ಇದ್ದೆ. ‘ವಿಲ್ ಹ್ಯಾವ್ ಬಿನ್ ಚೆಕಿಂಗ್’ ಇದೆ, ಆದ್ರೆ ಮಾತಲ್ಲಿ ಬಹಳ ಅಪರೂಪ, ಪರೀಕ್ಷೆಗೆ ಬೇಕಾದ್ರೆ ನೋಡ್ಕೊಳ್ಳಿ. ಹನ್ನೆರಡೂ ಆಯ್ತು.

ಹೆಜ್ಜೆ 6: ಇಲ್ಲ, ಮತ್ತೆ ಪ್ರಶ್ನೆ

‘ಐ ಡಿಡ್ ನಾಟ್ ಚೆಕ್ಡ್’ ಅನ್ನೋ ತಪ್ಪನ್ನ ಬಿಡಿಸೋಕೆ ಕನ್ನಡದಷ್ಟು ಒಳ್ಳೇ ಮೇಷ್ಟ್ರು ಇನ್ನೊಬ್ರಿಲ್ಲ. ಮಾಡಿದೆ, ಮಾಡಿದ್ಲು, ಮಾಡಿದ್ರು ಅಂತ ಇಷ್ಟೆಲ್ಲ ಬಾಲ ಇದೆಯಲ್ಲ, ಅದಕ್ಕೆ ‘ಇಲ್ಲ’ ಸೇರಿಸಿ ನೋಡಿ. ನಾನು ಮಾಡ್ಲಿಲ್ಲ, ಅವಳು ಮಾಡ್ಲಿಲ್ಲ, ಅವರು ಮಾಡ್ಲಿಲ್ಲ. ಬಾಲ ಎಲ್ಲಾ ಮಾಯ! ‘ಮಾಡಿದೆಲಿಲ್ಲ’ ಅಂತ ಯಾರೂ ಅನ್ನಲ್ಲ. ಹಾಗೇ ‘ಡಿಡ್ ನಾಟ್’ ಬಂದ್ರೆ ಪಾಸ್ಟ್ ಪೂರ್ತಿ ಡಿಡ್ ಹೊತ್ಕೊಳ್ಳುತ್ತೆ, ವರ್ಬ್ ಬರಿಗೈಲಿ ನಿಲ್ಲುತ್ತೆ: ‘ಐ ಡಿಡ್ ನಾಟ್ ಚೆಕ್’. ಡಸ್ ನಾಟ್ ಬಂದ್ರೆ ಎಸ್ ಡಸ್ ಹತ್ರ ಹೋಗಿರುತ್ತೆ: ‘ಶಿ ಡಸ್ ನಾಟ್ ಚೆಕ್’. ಪ್ರಶ್ನೆಗೂ ಅದೇ, ‘ಡಿಡ್ ಯೂ ಚೆಕ್?’, ‘ಡಸ್ ಶಿ ಚೆಕ್?’

ಹೆಜ್ಜೆ 7: ‘ಮಾಡು’ ಅಲ್ಲ, ‘ಆಗು’ ಬಂದ್ರೆ

‘ನಾನು ಇಂಟರ್‌ವ್ಯೂನಲ್ಲಿ ಸೆಲೆಕ್ಟ್ ಆದೆ’ ಅನ್ನೋದನ್ನ ‘ಐ ಸೆಲೆಕ್ಟೆಡ್ ಇನ್ ದ ಇಂಟರ್‌ವ್ಯೂ’ ಅಂತ ಬರೆದ್ರೆ ನೀವೇ ಬೇರೆ ಯಾರನ್ನೋ ಆರಿಸಿದ್ರಿ ಅಂತ ಅರ್ಥ ಆಗುತ್ತೆ. ‘ಮಾಡು’ ಇದ್ದಲ್ಲಿ ಇ-ಡಿ ಒಂಟಿಯಾಗಿ ಬರುತ್ತೆ, ‘ಆಗು’ ಇದ್ದಲ್ಲಿ ಸಾಮಾನ್ಯವಾಗಿ ಅದರ ಮುಂದೆ ವಾಸ್ ಅಥ್ವಾ ವರ್ ಬೇಕು. ‘ಐ ವಾಸ್ ಸೆಲೆಕ್ಟೆಡ್’, ‘ದ ಟ್ರೈನ್ ವಾಸ್ ಕ್ಯಾನ್ಸಲ್ಡ್’, ‘ಹಿ ವಾಸ್ ಟ್ರಾನ್ಸ್‌ಫರ್ಡ್’. ಬೇರೆ ಯಾರೋ ಮಾಡಿದ್ದು ನಮಗೆ ಆಯ್ತಾ ಅಂತ ಕೇಳ್ಕೊಳ್ಳಿ. ‘ರೀಚ್ ಆದೆ’ ಥರದ್ದಕ್ಕೆ ಬೇಡ, ನಮ್ಮನ್ನ ಯಾರೂ ರೀಚ್ ಮಾಡಿಸ್ಲಿಲ್ಲ, ನಾವೇ ಹೋಗಿ ತಲುಪಿದ್ದು, ಹಂಗಾಗಿ ‘ಐ ರೀಚ್ಡ್ ಹೋಮ್’.

ಅಭ್ಯಾಸ

ರಾತ್ರಿ ಮಲಗೋ ಮುಂಚೆ ಆ ದಿನ ಬಾಯಿಂದ ಬಂದ ಮೂರು ‘ಮಾಡು’ ವಾಕ್ಯ ತಗೊಂಡು, ಒಂದೊಂದನ್ನ ದಿನಾ, ಈಗ, ನಿನ್ನೆ, ಆಗಿದೆ, ನಾಳೆ, ಇಲ್ಲ, ಪ್ರಶ್ನೆ ಅಂತ ಏಳು ಥರ ಬರೆದು ಜೋರಾಗಿ ಓದಿ. ಶುರುವಿಗೆ ಈ ಐದು, ಉತ್ತರ ಕೈಯಿಂದ ಮುಚ್ಕೊಂಡು ಮಾಡಿ.

ನಮ್ಮಮ್ಮ ದಿನಾ ಸ್ಟೇಟಸ್ ಚೆಕ್ ಮಾಡ್ತಾರೆ. ಅವಳು ಫಾರ್ಮ್ ಸಬ್ಮಿಟ್ ಮಾಡ್ಲಿಲ್ಲ. ಮೂರು ದಿನದಿಂದ ಟ್ರೈ ಮಾಡ್ತಾ ಇದ್ದೀವಿ. ನನ್ನ ಆರ್ಡರ್ ಕ್ಯಾನ್ಸಲ್ ಆಗಿದೆ. ನೀವು ಬರೋಷ್ಟೊತ್ತಿಗೆ ಡೌನ್‌ಲೋಡ್ ಮಾಡಿರ್ತೀನಿ.

ಉತ್ತರ: ‘ಮೈ ಮದರ್ ಚೆಕ್ಸ್ ಸ್ಟೇಟಸ್ ಅಪ್‌ಡೇಟ್ಸ್ ಎವ್ರಿ ಡೇ’, ಅಮ್ಮ ಒಬ್ರೇ, ಎಸ್ ಬಂತು. ‘ಶಿ ಡಿಡ್ ನಾಟ್ ಸಬ್ಮಿಟ್ ದ ಫಾರ್ಮ್’. ‘ವಿ ಹ್ಯಾವ್ ಬಿನ್ ಟ್ರೈಯಿಂಗ್ ಫಾರ್ ತ್ರೀ ಡೇಸ್’. ‘ಮೈ ಆರ್ಡರ್ ಹ್ಯಾಸ್ ಬಿನ್ ಕ್ಯಾನ್ಸಲ್ಡ್’, ಆಗು ಇದೆ, ಹಂಗಾಗಿ ಬಿನ್ ಬಂತು. ‘ಐ ವಿಲ್ ಹ್ಯಾವ್ ಡೌನ್‌ಲೋಡೆಡ್ ಇಟ್ ಬೈ ದ ಟೈಮ್ ಯೂ ಅರೈವ್’, ಬಾಯಲ್ಲಿ ಡೌನ್‌ಲೋಡಿಡ್.